ಪಾದ್ರಿ ಸಾಹೇಬ್ರ, ಸ್ಕೋರ್ ಎಷ್ಟಾತ್ರಿ?

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಬೇಲಿ ಇದೆ. ಬೇಲಿ ಎನ್ನುವುದು ಮರ್ಯಾದೆಯ ಮಾತು. ನಾಲ್ಕು ಕಲ್ಲುಕಂಬ, ಎರಡೆಳೆ ಮುಳ್ಳುತಂತಿ, ಅದರ ಮೇಲೆ ನನ್ನ ಹೆಂಡತಿ ಹಬ್ಬಿಸಿದ ಹೀರೇಬಳ್ಳಿ, ಅಷ್ಟೆ. ಕಾಯಿ ಯಾವ ಕಡೆ ಜೋತುಬಿತ್ತೋ ಆ ಮನೆಯವರ ಸಾರಿಗೆ ಎಂದು ಮೊದಲಿನಿಂದ ನಡೆದುಬಂದಿದೆ. ಬಳ್ಳಿಗೆ ಆ ಕಡೆಯ ಬಿಸಿಲೇ ಇಷ್ಟ. ನೆರೆಯವರನ್ನು ಪ್ರೀತಿಸಬೇಕೆಂದು ವರ್ಷಕ್ಕೆ ನಾಲ್ಕು ಸಲವಾದರೂ ಪ್ರಸಂಗ ಮಾಡುವವನು ಹೀರೇಕಾಯಿಗಾಗಿ ತಂಟೆ ತೆಗೆಯಲಾದೀತೆ?

ಆ ಕಡೆ ಇರುವವರು ನಿವೃತ್ತ ಪಿ.ಟಿ. ಮಾಸ್ತರು. ಗದಗ-ಬೆಟಗೇರಿಯ ಹುಡುಗರನ್ನು ಮೂವತ್ತು ವರ್ಷ ಸೀಟಿ ಊದಿ ಓಡಿಸಿದವರು. ಸೀಟಿ ಈಗಲೂ ಕೊರಳಲ್ಲೇ ಇದೆ, ಈಗ ಓಡುವುದು ಬೀದಿನಾಯಿಗಳು ಮಾತ್ರ. ಬೆಳಿಗ್ಗೆ ಆರೂವರೆಗೆ ಅವರು ಬೇವಿನಕಡ್ಡಿ ಕಚ್ಚಿಕೊಂಡು, ನಾನು ಚಹಾದ ಲೋಟ ಹಿಡಿದುಕೊಂಡು ಬೇಲಿಯ ಹತ್ತಿರ ಸೇರುತ್ತೇವೆ. ನನ್ನ ಅನೇಕ ಪ್ರಸಂಗಗಳು ಹುಟ್ಟಿದ್ದು ಅಲ್ಲಿ. ಕೆಲವು ಸತ್ತದ್ದೂ ಅಲ್ಲೇ.

ಮೊದಮೊದಲು ಅವರು ನನ್ನನ್ನು ‘ಫಾದರ್’ ಎನ್ನುತ್ತಿದ್ದರು. ಹಾಗೆ ಕರೆಯುವುದು ಕ್ಯಾಥೊಲಿಕ್ ಗುರುಗಳನ್ನು, ಅವರು ಮದುವೆಯಾಗುವುದಿಲ್ಲ; ನಾವು ಬಾಸೆಲ್ ಮಿಷನ್ನಿನ ಬಳ್ಳಿ, ಈಗ ಸಿ.ಎಸ್.ಐ. ಸಭೆ, ನಮ್ಮಲ್ಲಿ ಸಭಾಪಾಲಕರಿಗೆ ಹೆಂಡತಿ ಮಕ್ಕಳು ಇರುತ್ತಾರೆ ಎಂದು ಬಿಡಿಸಿ ಹೇಳಿದೆ. ಅವರು ಕಡ್ಡಿಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ ಯೋಚಿಸಿದರು.

“ಅಂದ್ರ ಮಕ್ಕಳಿದ್ದವ್ರಿಗೆ ಫಾದರ್ ಅನಬಾರ್ದು, ಇಲ್ಲದವ್ರಿಗೆ ಅನಬೇಕು. ಭಾರೀ ಐತ್ರಿ ನಿಮ್ಮ ರೂಲು.”

ಅಂದಿನಿಂದ ನಾನು ‘ಪಾದ್ರಿ ಸಾಹೇಬ್ರು’.

ಮಾಸ್ತರು ದೇವಸ್ಥಾನಕ್ಕೆ ಅಪರೂಪಕ್ಕೆ ಹೋಗುತ್ತಾರೆ, ಆದರೆ ಅವರಿಗೂ ಒಂದು ವಿಶ್ವಾಸಪ್ರಮಾಣವಿದೆ. ನಾವು ರವಿವಾರ ಎದ್ದು ನಿಂತು ನಮ್ಮದನ್ನು ಹೇಳುವ ಹಾಗೆ ಅವರೂ ನೆಟ್ಟಗೆ ನಿಂತು ಹೇಳುತ್ತಾರೆ: ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. 1999, ನೈರೋಬಿ, ಎದುರಿಗೆ ದಕ್ಷಿಣ ಆಫ್ರಿಕಾ, ಚೆಂಡು ಹಾಕಿದವರು ನಮ್ಮ ಗದುಗಿನ ಸುನಿಲ್ ಜೋಶಿ. ಚಿಕ್ಕಂದಿನಲ್ಲಿ ಜೋಶಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ಗದಗಕ್ಕೆ ವಾಪಸಾಗುತ್ತಿದ್ದರು. ಅದನ್ನು ಹೇಳಿ ಮಾಸ್ತರು ನನ್ನ ಕಡೆ ಒಂದು ನೋಟ ಬೀರುತ್ತಾರೆ. ನಮ್ಮ ಸಭೆಯವರು ಎರಡು ಓಣಿ ದಾಟಿ ಒಂಬತ್ತು ಗಂಟೆಯ ಆರಾಧನೆಗೆ ಒಂಬತ್ತೂಮುಕ್ಕಾಲಕ್ಕೆ ಬರುವುದು ಅವರ ಕಟ್ಟೆಯಿಂದ ಸ್ಪಷ್ಟವಾಗಿ ಕಾಣುತ್ತದೆ.

ಒಂದು ದಿನ ಅವರು, “ಆಟನೇ ಬ್ಯಾರೆ, ದೇವ್ರ ಕೆಲಸನೇ ಬ್ಯಾರೆ, ಎರಡೂ ಕೂಡಿಸಬ್ಯಾಡ್ರಿ” ಎಂದರು. ಆ ವಾರ ನನ್ನ ಪ್ರಸಂಗದಲ್ಲಿ ಓಟದ ಪಂದ್ಯ ಬಂದಿತ್ತು. ಧ್ವನಿವರ್ಧಕದ ಕೃಪೆಯಿಂದ ಅವರಿಗೆ ಮನೆಯಲ್ಲೇ ಕೇಳಿಸಿತ್ತು. ಕೂಡಿಸಿದವನು ನಾನಲ್ಲ, ಪೌಲ. ಕೊರಿಂಥದ ಪಕ್ಕದಲ್ಲೇ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು, ಗೆದ್ದವರಿಗೆ ಸೊಪ್ಪಿನ ಕಿರೀಟ. ಆ ಊರಿನವರಿಗೆ ಪತ್ರ ಬರೆಯುವಾಗ ಪೌಲ ಓಟವನ್ನೂ ಗುದ್ದಾಟವನ್ನೂ ಎಳೆದು ತಂದ. ಮಾಸ್ತರು ಒಪ್ಪಲಿಲ್ಲ. ಆಗ ನಾನು ಅವರ ಮೂವತ್ತು ವರ್ಷದ ನೌಕರಿಗೇ ಕೈ ಹಾಕಬೇಕಾಯಿತು.

“ನೀವು ಹುಡುಗ್ರಿಗೆ ಕಲಿಸಿದ್ದು ಏನೇನ್ರಿ, ಮಾಸ್ತರ?”

“ವಾಲಿಬಾಲ್, ಬಾಸ್ಕೆಟ್‌ಬಾಲ್, ಕಬಡ್ಡಿ, ಖೊ ಖೊ.”

“ಮೊದಲನೇ ಎರಡೂ ನಮ್ಮವ್ರದು.”

ಹೇಳಿದ್ದು ಸುಳ್ಳಲ್ಲ. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ.ದವರ ತರಬೇತಿ ಶಾಲೆ. ಹೊರಗೆ ಚಳಿ, ಒಳಗೆ ಕವಾಯತು ಮಾಡಿ ಮಾಡಿ ರೇಗಿದ ಹದಿನೆಂಟು ವಿದ್ಯಾರ್ಥಿಗಳು. ಅವರನ್ನು ಸುಧಾರಿಸುವ ಕೆಲಸ ಬಿದ್ದದ್ದು ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರ ಮೇಲೆ. ಈತ ಮಾಂಟ್ರಿಯಲ್‌ನಲ್ಲಿ ದೇವಶಾಸ್ತ್ರ ಓದಿ ಬಂದವನು, ಮುಂದೆ ಅಭಿಷಿಕ್ತ ಪಾದ್ರಿಯೂ ಆದವನು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಮೊಳೆ ಹೊಡೆದು ನಿಲ್ಲಿಸಿ, ಹದಿಮೂರು ನಿಯಮ ಬರೆದು, ಒಂಬತ್ತು ಒಂಬತ್ತು ಜನರನ್ನು ಎರಡು ಕಡೆ ಹಾಕಿ ಚೆಂಡು ಕೊಟ್ಟ. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದರೆ ಏಣಿ ಹಾಕಿ ತೆಗೆಯಬೇಕು.

“ತಳ ಕೊಯ್ಯಾಕ ಹೊಳೀಲಿಲ್ಲೇನ್ರಿ ಅವ್ರಿಗೆ?”

“ದೇವಶಾಸ್ತ್ರ ಓದಿದವ್ರು, ನಿಧಾನಕ್ಕ ಹೊಳೀತೈತ್ರಿ.”

ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ನೈಸ್ಮಿತ್ ಅದೇ ಆಟದ ಕೋಚ್ ಆದ. ಅಲ್ಲಿಯ ಕೋಚುಗಳ ಪಟ್ಟಿಯಲ್ಲಿ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು ಇರುವವನು ಆತನೊಬ್ಬನೇ. ಆಟ ಕಂಡುಹಿಡಿದವನ ಗತಿ ಇದು! ನನಗೆ ಈತನ ಮೇಲೆ ಪ್ರೀತಿ ಹುಟ್ಟಿದ್ದು ಈ ಲೆಕ್ಕ ಓದಿದ ಮೇಲೆ. ಇನ್ನು ವಾಲಿಬಾಲ್: 1895ರಲ್ಲಿ ಹತ್ತಿರದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ಎಂಬ ಇನ್ನೊಬ್ಬ ವೈ.ಎಂ.ಸಿ.ಎ. ಮೇಷ್ಟರು ಕಟ್ಟಿದ್ದು, ಬಾಸ್ಕೆಟ್‌ಬಾಲ್ ಆಡಿ ಏದುಸಿರು ಬಿಡುತ್ತಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗಾಗಿ. ಅಂದರೆ ನಮ್ಮಂಥವರಿಗಾಗಿ. ಮಾಸ್ತರು ಅಂದು ಹಲ್ಲುಜ್ಜುವುದನ್ನು ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋದರು.

ಮರುದಿನ ಸೇಡು ತೀರಿಸಿಕೊಂಡರು. “ಕಿಟೆಲ್ ಸಾಹೇಬ್ರು ನಿಮ್ಮವ್ರೇ ಅಲ್ಲೇನ್ರಿ?” ಹೌದೆಂದೆ. 1853ರಲ್ಲಿ ಬಂದು, 1894ರಲ್ಲಿ ನಿಘಂಟು ಅಚ್ಚಾಗುವ ತನಕ ಕನ್ನಡಕ್ಕೆ ಜೀವ ತೇಯ್ದವರು, ಸುಮಾರು 70,000 ಶಬ್ದ, ಎಂದು ಹೆಮ್ಮೆಯಿಂದಲೇ ಹೇಳಿದೆ. “ಅದಾ ಅಂದೆ. ನಿನ್ನೆ ನಿಮ್ಮ ಪ್ರಸಂಗದಾಗ ಅರ್ಧಾ ಖರ್ಚಾದ್ವು.”

ಪ್ರಸಂಗದ ಉದ್ದ ನಮ್ಮ ಕುಲದ ಹಳೆಯ ರೋಗ. ಪೌಲನೇ ಒಮ್ಮೆ ಮಧ್ಯರಾತ್ರಿಯವರೆಗೆ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಎಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ. ಸತ್ತನೆಂದು ಎತ್ತಿಕೊಂಡರು, ಪೌಲ ಹೋಗಿ ಅಪ್ಪಿಕೊಂಡ, ಹುಡುಗ ಬದುಕಿದ. ಆಮೇಲಾದರೂ ಪೌಲ ಮುಗಿಸಿದನೇ? ಇಲ್ಲ, ಬೆಳಗಾಗುವ ತನಕ ಮುಂದುವರಿಸಿದ. ನಮ್ಮ ಚರ್ಚಿಗೆ ಅಂತಸ್ತುಗಳಿಲ್ಲ ಎಂಬುದೇ ನನ್ನ ಸಮಾಧಾನ.

ಮಾಸ್ತರರಿಗೆ ಬೈಬಲ್ಲಿನಲ್ಲಿ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಈಸ್ಟರ್ ಬೆಳಗಿನ ಓಟ. ಸಮಾಧಿ ಬರಿದಾಗಿದೆ ಎಂದು ಮಗ್ದಲದ ಮರಿಯ ಬಂದು ಹೇಳಿದ್ದೇ ಪೇತ್ರನೂ ಇನ್ನೊಬ್ಬ ಶಿಷ್ಯನೂ ಓಡಿದರು. ಆ ಇನ್ನೊಬ್ಬ ಯೋಹಾನನೇ ಎಂಬುದು ಹಿಂದಿನಿಂದ ಬಂದ ನಂಬಿಕೆ. ಯೋಹಾನನ ಸುವಾರ್ತೆ ನೋಡಿ: ಆ ಶಿಷ್ಯ ಪೇತ್ರನನ್ನು ಹಿಂದೆ ಹಾಕಿ ಮೊದಲು ಮುಟ್ಟಿದ ಎಂದು ಬರೆದದ್ದಲ್ಲದೆ, ನಾಲ್ಕು ವಾಕ್ಯ ಬಿಟ್ಟು ಮತ್ತೆ ಮೊದಲು ಮುಟ್ಟಿದವನು ಎಂದೇ ನೆನಪಿಸುತ್ತದೆ. ಜಗತ್ತನ್ನೇ ಬದಲಿಸಿದ ಬೆಳಗು; ಅದರ ನಡುವೆ ಓಟದ ಫಲಿತಾಂಶ ಎರಡು ಸಲ! ಸಂತರಿಗೂ ಗೆದ್ದದ್ದು ಮರೆಯುವುದಿಲ್ಲ ಎಂದು ನಾನು ನಕ್ಕೆ. ಮಾಸ್ತರು ನಗಲಿಲ್ಲ, ರೆಫ್ರಿಯ ಮುಖ ಮಾಡಿ ಕೇಳಿದರು:

“ಒಳಗ ಮೊದಲು ಹೋದಾಂವ ಯಾರು?”

“ಪೇತ್ರ. ಯೋಹಾನ ಬಾಗಲದಾಗ ಬಗ್ಗಿ ನೋಡಿ ನಿಂತಿದ್ದ.”

“ಹಂಗಾರ ಗೆರಿ ಮುಟ್ಟಿದಾಂವ ಯೋಹಾನ, ದಾಟಿದಾಂವ ಪೇತ್ರ. ಬೋನಸ್ ಪಾಯಿಂಟ್ ಪೇತ್ರಂದು.”

ನಾಲ್ಕು ವರ್ಷ ದೇವಶಾಸ್ತ್ರ ಓದಿದ ನನಗೆ ಯಾವ ಗುರುಗಳೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ನಾನು ಆಡುವುದಿಲ್ಲವೆಂದಲ್ಲ. ನಮ್ಮ ಯುವಜನ ಸಂಘದ ಟೆನಿಸ್ ಬಾಲ್ ಪಂದ್ಯದಲ್ಲಿ ಗೌರವಕ್ಕೆಂದು ನನ್ನನ್ನೂ ಸೇರಿಸಿಕೊಂಡಿದ್ದರು. ಚೆಂಡು ಬರಲಾರದ ಜಾಗ ಹುಡುಕಿ ಲಾಂಗ್ ಆನ್‌ನಲ್ಲಿ ನಿಲ್ಲಿಸಿದರು. ಚೆಂಡು ಅಲ್ಲಿಗೇ ಬಂತು. ಬಲು ಎತ್ತರದಿಂದ ಇಳಿಯುತ್ತಿತ್ತು. ನಾನು ಎರಡೂ ಕೈ ಮೇಲೆತ್ತಿದೆ. ಅಭ್ಯಾಸಬಲ ನೋಡಿ, ಕೈ ಎತ್ತಿದರೆ ಕಣ್ಣು ತಾನಾಗಿ ಮುಚ್ಚುತ್ತದೆ, ಆಶೀರ್ವಾದ ಹೇಳಿ ಹೇಳಿ. ಚೆಂಡು ಹೆಗಲಿಗೆ ಬಡಿದು ಬೌಂಡರಿಗೆ ಹೋಯಿತು. ಗೆರೆಯ ಹತ್ತಿರ ಕೂತಿದ್ದ ಸಂಡೇ ಸ್ಕೂಲಿನ ಹುಡುಗನೊಬ್ಬ, “ಪಾಸ್ಟರ್, ಮೊದಲು ಹಿಡೀರಿ, ಪ್ರಾರ್ಥನೆ ಆಮ್ಯಾಲೆ” ಎಂದು ಕೂಗಿದ.

ಇಂಥ ಹೊತ್ತಿನಲ್ಲಿ ನೆನಪಾಗುವವರು ಡೇವಿಡ್ ಶೆಪರ್ಡ್. ಇಂಗ್ಲೆಂಡಿಗೆ 22 ಟೆಸ್ಟ್ ಆಡಿದ ಪಾದ್ರಿ, ಮುಂದೆ ಲಿವರ್‌ಪೂಲಿನ ಬಿಷಪ್. 1962–63ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಮೆಲ್ಬರ್ನ್‌ನಲ್ಲಿ ನೂರು ಬಾರಿಸಿದರು, ಆದರೆ ಆ ಪ್ರವಾಸದಲ್ಲಿ ಅವರು ಬಿಟ್ಟ ಕ್ಯಾಚುಗಳೇ ಹೆಚ್ಚು ಪ್ರಸಿದ್ಧ. ವೇಗದ ಬೌಲರ್ ಫ್ರೆಡ್ ಟ್ರೂಮನ್ ರೇಗಿ, ಇವತ್ತು ಭಾನುವಾರ ಎಂದುಕೊಂಡು ಕೈ ಜೋಡಿಸಿ ನಿಲ್ಲಬಾರದೇ ಎಂದು ಕೇಳಿದನೆಂದು ಕತೆ. ಬಿಷಪ್ಪರಿಗೇ ಹೀಗಾದ ಮೇಲೆ ನಮ್ಮದೇನು!

ಭಾನುವಾರದ ತಂಟೆಯೇ ಬೇರೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ನೂರು ಮೀಟರ್ ಓಟದ ಹೀಟ್ಸ್ ಭಾನುವಾರ ಬಿತ್ತೆಂದು ಓಡಲೇ ಇಲ್ಲ. ಬೇರೆ ದಿನ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಆಮೇಲೆ ಚೀನಾಕ್ಕೆ ಮಿಷನರಿಯಾಗಿ ಹೋಗಿ, 1945ರಲ್ಲಿ ಅಲ್ಲಿಯ ಬಂದಿ ಶಿಬಿರದಲ್ಲೇ ತೀರಿಕೊಂಡ. ಇದನ್ನು ಯುವಜನರಿಗೆ ಮನಮುಟ್ಟುವಂತೆ ಹೇಳಿದೆನೆಂದುಕೊಂಡಿದ್ದೆ. ಮಾಸ್ತರರ ಷರಾ: “ಅಂವ ಐತವಾರ ಓಡಲಿಲ್ಲ, ಖರೆ. ನಿಮ್ಮ ಹುಡುಗ್ರು ಐತವಾರ ಟಿ.ವಿ. ಮುಂದಿಂದ ಏಳೂದೇ ಇಲ್ಲ. ಎರಡೂ ಒಂದೇನ್ರಿ?”

ಟಿ.ವಿ. ಎಂದ ಮೇಲೆ ಆರ್‌ಸಿಬಿಯ ಮಾತು ಬರದೆ ಇರದು. ನಮ್ಮ ಸಭೆಯಲ್ಲಿ ಗಟ್ಟಿ ವಿಶ್ವಾಸಿಗಳು ಯಾರೆಂದು ಕೇಳಿದರೆ, ಹಿರಿಯರ ಕಮಿಟಿಯವರು ಬೇಸರ ಮಾಡಿಕೊಳ್ಳಬಾರದು, ನಾನು ಹಿಂದಿನ ಬೆಂಚಿನ ಆ ಹುಡುಗರನ್ನು ತೋರಿಸುತ್ತೇನೆ. 2009ರ ಫೈನಲ್ ಆರು ರನ್ನಿನಿಂದ ಹೋಯಿತು, 2011ರದು 58ರಿಂದ, 2016ರದು ಎಂಟರಿಂದ. 2017ರಲ್ಲಿ ಒಂದು ದಿನ ಇಡೀ ತಂಡ 49ಕ್ಕೆ ಮುಗಿಯಿತು. ಆದರೂ ಪ್ರತಿ ಬೇಸಿಗೆ ಅದೇ ಘೋಷಣೆ, ಈ ಸಲ ಕಪ್ ನಮ್ದೇ. ಕಾಣದ್ದನ್ನು ನಂಬುವುದೆಂದರೇನೆಂದು ನಾನು ಇವರಿಗೆ ಕಲಿಸಲು ಹೊರಟಿದ್ದೆ!

2025ರ ಜೂನ್ 3, ಮಂಗಳವಾರ. ಫೈನಲ್‌ಗೆ ಮುಂಚೆ ಹುಡುಗರು ಬಂದು ಗೆಲುವಿಗಾಗಿ ಪ್ರಾರ್ಥಿಸಿ ಎಂದರು. ಅಂಥ ಪ್ರಾರ್ಥನೆ ನನಗೆ ಒಗ್ಗದು. ಎದುರಿಗಿದ್ದದ್ದು ಪಂಜಾಬ್, ಅಲ್ಲೂ ಚರ್ಚುಗಳಿವೆ, ಅಲ್ಲೂ ಮೊಣಕಾಲೂರುವವರಿದ್ದಾರೆ. ದೇವರಿಗೆ ಯಾಕೆ ಧರ್ಮಸಂಕಟ? ಯಾರಿಗೂ ಗಾಯವಾಗದಿರಲಿ, ಅಂಪೈರುಗಳ ಕಣ್ಣು ಚುರುಕಾಗಿರಲಿ ಎಂದಷ್ಟೇ ಪ್ರಾರ್ಥಿಸಿದೆ. ಹುಡುಗರ ಆಮೆನ್‌ನಲ್ಲಿ ಜೀವ ಇರಲಿಲ್ಲ. ರಾತ್ರಿ ಆರು ರನ್ನಿನಿಂದ ಗೆದ್ದರು. ಬೇಲಿಯಾಚೆ ಸೀಟಿ ಐದು ನಿಮಿಷ ಬಿಡದೆ ಊದಿತು, ಓಣಿಯ ನಾಯಿಗಳೆಲ್ಲ ದಿಕ್ಕಾಪಾಲಾದವು.

ನಾನು ಆ ರಾತ್ರಿಯೇ ಕೂತು ಬರುವ ರವಿವಾರಕ್ಕೆ ಬರೆಯತೊಡಗಿದೆ. ಹದಿನೆಂಟನೇ ಸೀಸನ್, ಕೊಹ್ಲಿಯ ಅಂಗಿ ಹದಿನೆಂಟು. ಲೂಕನ ಸುವಾರ್ತೆಯಲ್ಲೂ ಹದಿನೆಂಟು ವರ್ಷ ಬೆನ್ನು ಬಾಗಿಹೋಗಿದ್ದ ಒಬ್ಬ ಹೆಂಗಸಿದ್ದಾಳೆ, ಯೇಸು ಮುಟ್ಟಿದಾಗ ನೆಟ್ಟಗಾದಳು. ಬುಧವಾರ ಬೆಳಿಗ್ಗೆ ಬೇಲಿಯ ಹತ್ತಿರ ಓದಿ ತೋರಿಸಿದೆ. “ಮಹಾಭಾರತಕ್ಕೂ ಹದಿನೆಂಟೇ ಪರ್ವ, ಮರೀಬ್ಯಾಡ್ರಿ,” ಎಂದರು ಮಾಸ್ತರು. “ಆದ್ರ ನಮ್ಮ ಗದುಗಿನ ಕುಮಾರವ್ಯಾಸ ಹತ್ತಕ್ಕೇ ಡಿಕ್ಲೇರ್ ಮಾಡಿದ. ನೀವೂ ಹಂಗ ಮಾಡ್ರಿ.”

ಅದೇ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಕಪ್ ನೋಡಲು ಹೋದ ಮಕ್ಕಳು. ಆ ರವಿವಾರ ಪೆಂತೆಕೋಸ್ತ ಹಬ್ಬ; ನಮ್ಮಲ್ಲಿ ಅಂದಿನ ಬಣ್ಣ ಕೆಂಪು. ಕೆಂಪು ಜರ್ಸಿ ಹಾಕಿ ಬರುತ್ತೇವೆಂದಿದ್ದ ಹುಡುಗರು ಬಿಳಿ ಅಂಗಿಯಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತರು. ಬರೆದದ್ದನ್ನು ನಾನು ಓದಲಿಲ್ಲ. ಹನ್ನೊಂದು ಸಲ ಗಂಟೆ ಬಾರಿಸಿದೆವು. ಬೇಲಿಯಾಚೆ ಮಾಸ್ತರು ಎದ್ದು ನಿಂತಿದ್ದರೆಂದು ಆಮೇಲೆ ನನ್ನ ಹೆಂಡತಿ ಹೇಳಿದಳು.

ಆ ವರ್ಷದ ಸುಗ್ಗಿ ಹಬ್ಬಕ್ಕೆ ಮಾಸ್ತರು ಮೊದಲ ಸಲ ಚರ್ಚಿನ ಅಂಗಳಕ್ಕೆ ಬಂದರು. ಸಭೆಯವರು ತಂದ ಕಾಯಿಪಲ್ಲೆ, ಕೋಳಿ, ಕಾಳು ಎಲ್ಲ ಅಂದು ಹರಾಜಾಗುತ್ತದೆ. ನನ್ನ ಹೆಂಡತಿ ಕೊಟ್ಟ ನಾಲ್ಕು ಹೀರೇಕಾಯಿ ಮೇಜಿಗೆ ಬಂದಾಗ ಮಾಸ್ತರು ಕೈ ಎತ್ತಿ ಐವತ್ತು ಎಂದರು. ಯಾರೋ ಅರವತ್ತು ಎಂದರು. ಇನ್ನೂರೈವತ್ತಕ್ಕೆ ಮಾಸ್ತರರಿಗೇ ಆಯಿತು. ದಿನಾ ಬೇಲಿಯ ಮೇಲಿಂದ ಪುಕ್ಕಟೆ ಹರಿಯುವ ಕಾಯಿಗೆ ಇಷ್ಟೇಕೆ ಕೊಟ್ಟಿರಿ ಎಂದು ಕೇಳಿದೆ. “ಬಾಕಿ ಇತ್ರಿ,” ಎಂದರು.

ಈಗ ಬೇಲಿಯ ಕಲ್ಲುಕಂಬದಿಂದ ನಮ್ಮ ಬೇವಿನ ಮರದವರೆಗೆ ವಾಲಿಬಾಲ್ ನೆಟ್ ಕಟ್ಟಿದ್ದೇವೆ. ರವಿವಾರ ಸಂಜೆ ನಾಲ್ಕೂವರೆಗೆ ಆಟ. ಸೀಟಿ ಮಾಸ್ತರರದು, ಚಹಾ-ಮಿರ್ಚಿ ನಮ್ಮ ಮನೆಯದು. ಹಿಂದಿನ ಬೆಂಚಿನ ಹುಡುಗರು ಆ ಕಡೆ ಪೂರ್ತಿ ಆರು ಜನ ಇದ್ದಾರೆ. ಈ ಕಡೆ ನಡುವಯಸ್ಸಿನವರು ನಾವು ಐದೇ. ಯಾವ ಜಾತಿ, ಯಾವ ದೇವರು ಎಂದು ಕೇಳುವುದಿಲ್ಲ. ಮಂಡಿ ಗಟ್ಟಿ ಇದ್ದವರು ಒಬ್ಬರು ಬನ್ನಿ.