ಒಳಗೆ ರೀಲು ಸುತ್ತಿತೇ?

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗಮ್ಮನ ಕೊಳದ ಮುಂದೆ ಕೂತು ಬೇಡಿಕೊಂಡರೆ ಪ್ರಸಾದ ನೀರಿನಿಂದ ತೇಲಿಬರುತ್ತದೆಂಬುದು ಭಕ್ತರ ನಂಬಿಕೆ. ರೀಲು ಕ್ಯಾಮೆರಾದ ಕಾಲದಲ್ಲಿ ಅಲ್ಲಿಗೆ ಹೊರಟವರಿಗೆ ಇನ್ನೊಂದು ನಂಬಿಕೆಯೂ ಬೇಕಿತ್ತು: ಒಳಗೆ ಫಿಲ್ಮು ಸುತ್ತುತ್ತಿದೆ ಅನ್ನುವುದು. 35 ಮಿ.ಮೀ. ರೀಲಿನ ನಾಲಿಗೆಯನ್ನು ಸುರುಳಿಯ ಸೀಳಿಗೆ ಸಿಕ್ಕಿಸಿ, ಅಂಚಿನ ತೂತುಗಳು ಹಲ್ಲಿಗೆ ಕೂತವೇ ನೋಡಿ, ಮುಚ್ಚಳ ಹಾಕಬೇಕು. ಅದೂ ನೆರಳಲ್ಲಿ, ಅಜ್ಜಿಯ ಸೆರಗೇ ಡಾರ್ಕ್‌ರೂಮು. ನಾಲಿಗೆ ಜಾರಿಕೊಂಡರೂ ಕ್ಯಾಮೆರಾ ಕ್ಲಿಕ್ ಅನ್ನುವುದನ್ನು ಬಿಡುವುದಿಲ್ಲ. 36ರ ರೀಲು 40 ದಾಟಿಯೂ ಮುಗಿಯದಿದ್ದರೆ ಮಾವನವರು ‘ಗಂಗಮ್ಮನ ಕೃಪೆ’ ಅನ್ನುತ್ತಿದ್ದರು. ಕೃಪೆಯಲ್ಲ ಸ್ವಾಮಿ, ಖಾಲಿ! ಈಗ ಮತ್ತೆ ಹಳೇ ಕ್ಯಾಮೆರಾ ಹಿಡಿದವರೇ, ಫಿಲ್ಮು ಮುಂದಕ್ಕೆ ಸುತ್ತುವಾಗ ಎಡಗಡೆಯ ನಾಬು ತಿರುಗುತ್ತಿದೆಯೇ ನೋಡಿಕೊಳ್ಳಿ. ತಿರುಗದಿದ್ದರೆ, ದಯವಿಟ್ಟು ಯಾರಿಗೂ ‘ಸ್ವಲ್ಪ ನಗಿ’ ಅನ್ನಬೇಡಿ.