ಪೇಚುರಸ ನಿರೂಪಣೆ

ಭರತಮುನಿ ಎಂಟು ರಸಗಳನ್ನು ಹೇಳಿ ಕೈತೊಳೆದುಕೊಂಡ. ಆಮೇಲೆ ಬಂದವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಭಕ್ತಿಗೂ ವಾತ್ಸಲ್ಯಕ್ಕೂ ಜಾಗ ಕೊಡಿ ಎಂದು ಇನ್ನು ಕೆಲವರು ಶತಮಾನಗಟ್ಟಲೆ ಅರ್ಜಿ ಹಿಡಿದು ನಿಂತಿದ್ದಾರೆ. ಅದೇ ಸಾಲಿನ ಕೊನೆಯಲ್ಲಿ ನಾನೂ ಒಂದು ಅರ್ಜಿ ಹಿಡಿದು ನಿಲ್ಲುತ್ತಿದ್ದೇನೆ. ಮುನಿಯ ಕಾಲದಲ್ಲಿ ಬೆಳಗಿನ ಟೀವಿ ಇಲ್ಲದ್ದರಿಂದ ಅವನ ಕಣ್ಣಿಗೆ ಬೀಳದೇ ಹೋದ ರಸವೊಂದಿದೆ. ಅದರ ಹೆಸರು ಪೇಚುರಸ. ಸ್ಥಾಯೀಭಾವ, ಮುಜುಗರ.

ಹೆಸರು ಕೇಳಿದೊಡನೆ ವೈಯಾಕರಣರು ಎದ್ದು ನಿಲ್ಲುತ್ತಾರೆಂದು ಬಲ್ಲೆ. ಪೇಚು ಫಾರಸಿಯಿಂದ ಬಂದದ್ದು, ತಿರುಪು ಎಂದು ಅರ್ಥ, ರಸ ಸಂಸ್ಕೃತ, ಎರಡನ್ನೂ ಕೂಡಿಸಿದರೆ ಅರಿಸಮಾಸವಾಗುತ್ತದೆ, ಕೇಶಿರಾಜನಿಗೆ ಇದು ಸಮ್ಮತವಲ್ಲ ಎನ್ನುತ್ತಾರೆ. ನನ್ನ ಸಮಾಧಾನ ಇಷ್ಟೆ: ಒಲ್ಲದ ಇಬ್ಬರನ್ನು ಒಂದೇ ಸೋಫಾದ ಮೇಲೆ ಕೂರಿಸಿ ನಗಿಸುವುದೇ ಈ ರಸದ ಲಕ್ಷಣವಾದ್ದರಿಂದ ಹೆಸರಿನಲ್ಲೂ ಅದೇ ನಡೆದರೆ ದೋಷವಿಲ್ಲ.

ಈ ಗ್ರಂಥಕ್ಕೆ ಅಧಿಕಾರಿ ಯಾರು? ಹಾಲಿನವನನ್ನು ಕಾಯುತ್ತ, ಕಾಫಿ ಇಳಿಯುವ ಮುನ್ನ, ರಿಮೋಟು ಸಿಗದೆ ಬಂದದ್ದನ್ನೇ ನೋಡುತ್ತ ಕುಳಿತವನು. ಕ್ಷೇತ್ರ ಯಾವುದು? ಅಮೆರಿಕ, ಬ್ರಿಟನ್. ಕರ್ನಾಟಕವೇಕೆ ಅಲ್ಲ ಎಂದರೆ, ನಮ್ಮ ವಾಹಿನಿಗಳಲ್ಲಿ ಬೆಳಗಿನ ಹೊತ್ತು ಹೆಚ್ಚಾಗಿ ಜ್ಯೋತಿಷಿಗಳದ್ದು. ಅವರ ತಾರೆಗಳು ನಿಜವಾದ ತಾರೆಗಳು. ಅವುಗಳ ನಡುವಿನ ಗ್ರಹಗಳು ಮುನಿಸಿಕೊಂಡು ಎದ್ದುಹೋದರೂ ಅದಕ್ಕೆ ವಕ್ರಗತಿ ಎಂಬ ಮರ್ಯಾದೆಯ ಹೆಸರಿದೆ.

ಇನ್ನು ಈ ರಸದ ಹುಟ್ಟು. ಅಮೆರಿಕದ ಎನ್‌ಬಿಸಿ 1952ರ ಜನವರಿ 14ರಂದು ‘ಟುಡೇ’ ಕಾರ್ಯಕ್ರಮ ಶುರುಮಾಡಿತು. ಹಲ್ಲುಜ್ಜುವ ಮೊದಲೇ ಪರರ ಮುಖ ಏಕೆ ನೋಡಬೇಕು ಎಂಬುದು ಅಲ್ಲಿಯ ಜನಕ್ಕೆ ಕೂಡಲೇ ಹೊಳೆಯಲಿಲ್ಲ. ಮರುವರ್ಷ ನಿರೂಪಕ ಡೇವ್ ಗ್ಯಾರೋವೇ ಪಕ್ಕದಲ್ಲಿ ಜೆ. ಫ್ರೆಡ್ ಮಗ್ಸ್ ಎಂಬ ಚಿಂಪಾಂಜಿ ಮರಿಯನ್ನು ಕೂರಿಸಿದರು, ಜನ ನೋಡತೊಡಗಿದರು. ಬ್ರಿಟನ್ನಿನಲ್ಲಿ 1983ರಲ್ಲಿ ಟಿವಿ-ಎಎಂ ಎಂಬ ಬೆಳಗಿನ ವಾಹಿನಿ ಮುಳುಗುವ ಹಂತಕ್ಕೆ ಬಂದಾಗ ಅದನ್ನು ಎತ್ತಿಹಿಡಿದದ್ದು ರೋಲಂಡ್ ರ್‍ಯಾಟ್ ಎಂಬ ಬೊಂಬೆ ಇಲಿ. ಗಣಪತಿಯನ್ನೇ ಹೊತ್ತ ವಂಶಕ್ಕೆ ಒಂದು ವಾಹಿನಿ ಯಾವ ಲೆಕ್ಕ! ಇದರಿಂದ ಸಿದ್ಧವಾಗುವುದೇನೆಂದರೆ, ಬೆಳಗಿನ ಸಂದರ್ಶನಕ್ಕೆ ಆದರ್ಶ ಅತಿಥಿ ಮನುಷ್ಯನಲ್ಲ. ಮಂಗಕ್ಕೆ ಮಾರಬೇಕಾದ ಸಿನಿಮಾ ಇರುವುದಿಲ್ಲ, ಇಲಿಗೆ ಹಿಂದಿನ ರಾತ್ರಿ ಪ್ರೀಮಿಯರ್ ಇರುವುದಿಲ್ಲ. ಆದರೂ ಪೇಚು ಬಿಟ್ಟೀತೇ? 1953ರ ಜೂನ್‌ನಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಪ್ರಸಾರದ ನಡುವೆ ಎನ್‌ಬಿಸಿ ಈ ಮಗ್ಸ್ ಮಹಾಶಯನ ಮುಖವನ್ನೂ ತೋರಿಸಿತು, ಬ್ರಿಟಿಷರು ಕೆಂಡವಾದರು. ಮಂಗ ಮಾತ್ರ ಕ್ಷಮೆ ಕೇಳಲಿಲ್ಲ. ಆಮೇಲೆ ಬಂದ ಅತಿಥಿಗಳಿಗೆ ಈ ಸೌಕರ್ಯ ಸಿಗಲಿಲ್ಲ.

ವಿಭಾವ ಅನುಭಾವಗಳನ್ನು ಬೇಗ ಮುಗಿಸುತ್ತೇನೆ. ಆಲಂಬನ, ಕಣ್ಣು ಊದಿಕೊಂಡ ಒಬ್ಬ ತಾರೆ. ಉದ್ದೀಪನ, ಖಾಲಿ ಕಾಫಿ ಮಗ್ಗು, ಬೆನ್ನಹಿಂದೆ ಸಿನಿಮಾ ಪೋಸ್ಟರು, ಮತ್ತು ಬೆಳಗಿನ ಏಳಕ್ಕೆ ಯಾವ ಸಭ್ಯನಿಗೂ ಸಾಧ್ಯವಿಲ್ಲದಷ್ಟು ಉತ್ಸಾಹದ ಕಂಠ. ಅನುಭಾವ, ತುಟಿಯಲ್ಲಿ ನಿಂತೇಹೋದ ನಗು. ಸಂಚಾರಿಗಳಿಗಂತೂ ನಾನು ಹುಡುಕಾಡಬೇಕಾಗಲಿಲ್ಲ. ಮುನಿಯ ಮೂವತ್ತಮೂರರ ಪಟ್ಟಿಯಲ್ಲೇ ಶ್ರಮ, ಆಲಸ್ಯ, ಜಡತೆ, ವ್ರೀಡೆ, ನಿದ್ರೆ ಎಲ್ಲ ಸಾಲಾಗಿ ಕುಳಿತಿವೆ. ಈ ಐದೂ ಒಂದೇ ಮುಖದಲ್ಲಿ ಒಂದೇ ನಿಮಿಷದಲ್ಲಿ ಸಂಚರಿಸಿದ್ದಕ್ಕೆ 2015ರ ಜುಲೈನ ಒಂದು ನಿದರ್ಶನವಿದೆ.

ಅದನ್ನು ತಿಳಿಯಲು ಕನ್ನಡ ಓದುಗರಿಗೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಒಳ್ಳೆಯ ಪೀಠಿಕೆಯಿಲ್ಲ. ಉಪ್ಪಿಟ್ಟು, ಕೇಸರಿಬಾತ್ ಆಗಿದೆ. ಗಂಡಿನ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ‘ಹಾಡು ಬರುತ್ತೇನಮ್ಮಾ?’ ಎನ್ನುತ್ತಾರೆ. ಬರುತ್ತದೆಂದು ಅವರಿಗೆ ಗೊತ್ತು; ಜಾತಕದ ಹಿಂದೆಯೇ ಬರೆದು ಕಳಿಸಿದ್ದಾರೆ. ಹುಡುಗಿ ತಲೆತಗ್ಗಿಸಿ ‘ಸ್ವಲ್ಪ’ ಎನ್ನಬೇಕು. ಇದೇ ಹುಡುಗಿಯನ್ನು ಇದೇ ಕುರ್ಚಿಯಲ್ಲಿ ಕೂರಿಸಿ, ಒಂದೇ ಬೆಳಗ್ಗೆ ಇಪ್ಪತ್ತು ಮೂವತ್ತು ಊರಿನ ಗಂಡಿನ ಕಡೆಯವರನ್ನು ತಲಾ ನಾಲ್ಕೈದು ನಿಮಿಷಕ್ಕೆ ಒಳಗೆ ಬಿಟ್ಟರೆ ಏನಾದೀತೋ ಅದಕ್ಕೆ ಅಮೆರಿಕದಲ್ಲಿ ಸ್ಯಾಟಲೈಟ್ ಮೀಡಿಯಾ ಟೂರ್ ಎಂದು ಹೆಸರು. ತಾರೆ ಕದಲುವುದಿಲ್ಲ, ಊರುಗಳು ಬದಲಾಗುತ್ತವೆ. ಕಿವಿಯಲ್ಲೊಂದು ಇಯರ್‌ಪೀಸ್. ಎದುರಿಗೆ ಮುಖವಿಲ್ಲ, ಕ್ಯಾಮೆರಾದ ಗಾಜು. ಎಲ್ಲ ಊರಿನವರೂ ಹಾಡು ಬರುತ್ತಾ ಎಂದೇ ಕೇಳುತ್ತಾರೆ.

ಹೀಗೆ ಕುಳಿತವಳು ಕಾರಾ ಡೆಲವೀನ್, ವಯಸ್ಸು 22. ಸಿನಿಮಾ ‘ಪೇಪರ್ ಟೌನ್ಸ್’, ಜಾನ್ ಗ್ರೀನ್ ಅವರ ಕಾದಂಬರಿ ಆಧರಿಸಿದ್ದು. ಆಚೆ ಕಡೆ ಕ್ಯಾಲಿಫೋರ್ನಿಯಾದ ‘ಗುಡ್ ಡೇ ಸ್ಯಾಕ್ರಮೆಂಟೊ’. ಮೊದಲ ಮಾತಿನಲ್ಲೇ ಅವಳು ಕಾರ್ಲಾ ಆದಳು. ಬಳಿಕ, ಕಾದಂಬರಿ ಓದುವಷ್ಟು ಬಿಡುವು ಸಿಕ್ಕಿತ್ತೇ ಎಂದು ಕೇಳಿದರು. ಅವಳು, ಕಾದಂಬರಿಯನ್ನೂ ಓದಲಿಲ್ಲ, ಚಿತ್ರಕಥೆಯನ್ನೂ ಓದಲಿಲ್ಲ, ಏನೋ ತೋಚಿದ್ದು ಮಾಡಿದೆ ಎಂಬರ್ಥದ ಮಾತಾಡಿ, ತಮಾಷೆಗೆ ಅಂದೆ, ಓದಿದ್ದೇನೆ ಎಂದೂ ಸೇರಿಸಿದಳು. ಆನಂದವರ್ಧನ ಇದ್ದಿದ್ದರೆ ಎದ್ದು ಕುಣಿಯುತ್ತಿದ್ದ. ಕಾವ್ಯದ ಆತ್ಮ ಧ್ವನಿ, ಅಂದರೆ ವ್ಯಂಗ್ಯಾರ್ಥ ಎಂದು ಅವನು ಸಾಧಿಸಿದ್ದು ಇಂಥ ಮಾತಿಗಾಗಿಯೇ. ಆದರೆ ಸ್ಯಾಕ್ರಮೆಂಟೊದ ಸೋಫಾ ವಾಚ್ಯಾರ್ಥಕ್ಕೆ ಅಂಟಿಕೊಂಡಿತು. ಕೆಲ ವಾರಗಳ ಹಿಂದೆ ಇನ್ನೂ ಉತ್ಸಾಹದಲ್ಲಿದ್ದಿರಲ್ಲ, ದಣಿದಿದ್ದೀರಾ, ಸಿಡುಕಿನಲ್ಲಿದ್ದೀರಾ ಎಂದು ಒಬ್ಬರಾದ ಮೇಲೊಬ್ಬರು ಕೇಳಿ, ಕೊನೆಗೆ ಒಂದು ನಿದ್ದೆ ತೆಗೆಯಿರಿ, ಒಂದು ರೆಡ್ ಬುಲ್ ಕುಡಿಯಿರಿ ಎಂಬ ವೈದ್ಯೋಪದೇಶದೊಂದಿಗೆ ಸಂಪರ್ಕ ಕತ್ತರಿಸಿದರು. ಅವಳು ಹೋದಮೇಲೆ ಅವಳ ಸ್ವಭಾವದ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮೈಸೂರು ಪಾಕ್ ತಿಂದು ಮೆಟ್ಟಿಲಿಳಿಯುತ್ತ ‘ಹುಡುಗಿ ಸ್ವಲ್ಪ ಜೋರು’ ಎನ್ನುವ ನಮ್ಮ ಗಂಡಿನ ಕಡೆಯವರಾದರೂ ಬೀದಿ ತಿರುವಿನ ತನಕ ಕಾಯುತ್ತಾರೆ.

ಇದಕ್ಕೆ ಭಾಷ್ಯ ಬರೆದದ್ದು ಕಾದಂಬರಿಕಾರನೇ. ಆ ಪ್ರಚಾರದ ಸುತ್ತಾಟದಲ್ಲಿ ನಾಯಕನಟ ನ್ಯಾಟ್ ವುಲ್ಫ್‌ಗೆ ‘ಕಾದಂಬರಿಯನ್ನು ಯಾವಾಗ ಓದಿದಿರಿ’ ಎಂದು ಕೇಳುತ್ತಿದ್ದರು, ಕಾರಾಳಿಗೆ ‘ಓದಿದ್ದೀರಾ’ ಎಂದು ಕೇಳುತ್ತಿದ್ದರು ಎಂಬುದನ್ನು ಜಾನ್ ಗ್ರೀನ್ ಗುರುತಿಸಿದ. ಗಂಡಿಗೆ ‘ಯಾವಾಗ’, ಹೆಣ್ಣಿಗೆ ‘ಬರುತ್ತಾ’. ಉತ್ತರಿಸುವವರ ಲಿಂಗಾನುಸಾರ ಪ್ರಶ್ನೆಯೇ ಬದಲಾಗುವುದನ್ನು ಪಾಣಿನಿಯೂ ಗಮನಿಸಿರಲಿಲ್ಲವೆಂದು ಕಾಣುತ್ತದೆ.

ಪೂರ್ವಪಕ್ಷವನ್ನು ನನ್ನ ಹೆಂಡತಿ ಮಂಡಿಸಿದಳು. ‘ರೀ, ಆ ಹುಡುಗಿ ರಾತ್ರಿಯೆಲ್ಲ ನಿದ್ದೆಗೆಟ್ಟಿದೆ. ಅದಕ್ಕೊಂದು ರಸ ಬೇರೆ ಯಾಕೆ?’ ಈ ವಾದ ಮೇಲ್ನೋಟಕ್ಕೆ ಬಲವಾಗಿರುವುದರಿಂದ ನಾನು ಭೌತಶಾಸ್ತ್ರದ ಮೊರೆಹೋಗುತ್ತೇನೆ.

ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಇಂಥವನ್ನು ದಿನಾ ಕಾಯುವವರಿಗೆ ನಾನು ಹೇಳಿಕೊಡಬೇಕಾದದ್ದಿಲ್ಲ. ಪ್ರಶ್ನೆ ಅಲ್ಲಿಗೆ ಹತ್ತಿ ಇಳಿಯಲು ಕಾಲು ಸೆಕೆಂಡು, ಉತ್ತರಕ್ಕೆ ಮತ್ತೆ ಕಾಲು, ಒಟ್ಟು ಅರ್ಧ ಸೆಕೆಂಡು. ಅರ್ಧ ಸೆಕೆಂಡಿನಲ್ಲಿ ಏನು ಮಹಾ ಎನ್ನುವವರು ಒಂದು ನಗೆಹನಿ ಹೇಳಿ ನೋಡಲಿ. ಅರ್ಧ ಸೆಕೆಂಡು ಯಾರೂ ನಗದಿದ್ದರೆ ಹೇಳಿದವನು ಅದನ್ನು ವಿವರಿಸತೊಡಗುತ್ತಾನೆ. ಅಷ್ಟರಲ್ಲಿ ಆಚೆಯಿಂದ ಹೊರಟ ನಗು ಬಂದು ವಿವರಣೆಯ ಮೇಲೆ ಬೀಳುತ್ತದೆ. ವಿವರಣೆಗೆ ನಕ್ಕರಲ್ಲ ಎಂದು ಇವನು ಸುಮ್ಮನಾಗುತ್ತಾನೆ. ಆ ಮೌನ ಮತ್ತೆ ಆಕಾಶಕ್ಕೆ ಹೊರಡುತ್ತದೆ. ಒಮ್ಮೆ ತಪ್ಪಿದ ತಾಳ ಆ ನಾಲ್ಕು ನಿಮಿಷದಲ್ಲಿ ಮತ್ತೆ ಕೂಡುವುದಿಲ್ಲ. ನಿದ್ದೆ ಮಾಡಿದ್ದರೂ ಕೂಡುತ್ತಿರಲಿಲ್ಲ.

ಪೇಚಿಗೆ ಉಪಗ್ರಹವೊಂದೇ ಕಾರಣವಲ್ಲ ಎಂಬುದಕ್ಕೆ 2014ರ ಫೆಬ್ರವರಿಯ ಲಾಸ್ ಏಂಜಲೀಸ್ ಸಾಕ್ಷಿ. ಕೆಟಿಎಲ್‌ಎ ವಾಹಿನಿಯ ಬೆಳಗಿನ ಸುದ್ದಿ. ‘ರೋಬೋಕಾಪ್’ ಸಿನಿಮಾದ ಪ್ರಚಾರಕ್ಕೆಂದು ಮಾತಿಗೆ ಸಿಕ್ಕಿದ್ದ ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್‌ಗೆ ಮನರಂಜನಾ ವರದಿಗಾರ, ಸೂಪರ್ ಬೌಲ್ ಪಂದ್ಯದ ನಡುವೆ ಬಂದ ನಿಮ್ಮ ಜಾಹೀರಾತಿಗೆ ಜನ ಏನೆಂದರು ಎಂದು ಕೇಳಿದ. ಆ ಪಂದ್ಯದಲ್ಲಿ ಕಿಯಾ ಕಾರಿನ ಜಾಹೀರಾತು ಮಾಡಿದ್ದವನು ಇನ್ನೊಬ್ಬ ನಟ, ಲಾರೆನ್ಸ್ ಫಿಶ್‌ಬರ್ನ್. ಜಾಕ್ಸನ್ ಮೊದಲು ‘ಯಾವ ಜಾಹೀರಾತು?’ ಎಂದ. ಆಮೇಲೆ ಬಿಡಲಿಲ್ಲ. ನಾನು ಅವನಲ್ಲ, ನಾವೆಲ್ಲ ಕರಿಯರಾದರೂ ಎಲ್ಲರದೂ ಒಂದೇ ಮುಖವಲ್ಲ, ನೀನು ಈ ವಾಹಿನಿಯ ಮನರಂಜನಾ ವರದಿಗಾರನೇ ಹೌದೇ ಎಂದು ವಿಚಾರಿಸಿದ. ವರದಿಗಾರ ಮಾತನ್ನು ಸಿನಿಮಾ ಕಡೆ ಎಳೆದಷ್ಟೂ ಜಾಕ್ಸನ್ ನಗುನಗುತ್ತಲೇ ಅದನ್ನು ಹಿಂದಕ್ಕೆ ತಂದು ಅವನ ಕಾಲಬುಡದಲ್ಲಿ ಇಟ್ಟ. ಈ ರಸದ ಪರಿಪಾಕವನ್ನು ಬಯಸುವವರು ಈ ಕೆಲವು ನಿಮಿಷಗಳನ್ನು ಮತ್ತೆ ಮತ್ತೆ ನೋಡಬೇಕು. ಹಾಸ್ಯನಟ ರಸೆಲ್ ಬ್ರಾಂಡ್ 2013ರಲ್ಲಿ ಅಮೆರಿಕದ ‘ಮಾರ್ನಿಂಗ್ ಜೋ’ ಎಂಬ ಬೆಳಗಿನ ಕಾರ್ಯಕ್ರಮದಲ್ಲಿ, ತಾನು ಎದುರಿಗಿರುವಾಗಲೇ ತನ್ನನ್ನು ‘ಅವನು’ ಎಂದು ಕರೆದು ಚರ್ಚಿಸುತ್ತಿದ್ದ ನಿರೂಪಕರ ಕಾಗದಪತ್ರ ಎತ್ತಿಕೊಂಡು ಕಾರ್ಯಕ್ರಮವನ್ನೇ ತಾನು ನಡೆಸಿದ್ದೂ ಉಂಟು. ಅದರಲ್ಲಿ ವೀರದ ಬೆರಕೆ ಹೆಚ್ಚು, ಶುದ್ಧ ಪೇಚಲ್ಲ.

ಹಾಗಾದರೆ ಪೇಚು ಇರುವುದು ಎಲ್ಲಿ? ಭಟ್ಟಲೊಲ್ಲಟನ ಮತ ಹಿಡಿದರೆ ಮೂಲಪಾತ್ರದಲ್ಲಿ, ಅಂದರೆ ತಪ್ಪಾಗಿ ಕೇಳಿದವನಲ್ಲಿ. ಶಂಕುಕನನ್ನು ಹಿಡಿದರೆ ನಾವು ಊಹಿಸಿಕೊಳ್ಳುವುದು, ಚಿತ್ರದ ಕುದುರೆಯನ್ನು ಕುದುರೆ ಎನ್ನುವಂತೆ. ನಿರೂಪಕರ ನಗುವನ್ನು ಕಂಡವರಿಗೆ ಈ ಉಪಮೆ ಎಷ್ಟು ಹೊಂದುತ್ತದೆಂದು ಹೇಳಬೇಕಿಲ್ಲ. ನಾನು ಅಭಿನವಗುಪ್ತನ ಕಡೆಯವನು. ರಸ ಇರುವುದು ಸಹೃದಯನಲ್ಲಿ, ಅವನೊಳಗೆ ಮೊದಲೇ ಇದ್ದ ವಾಸನೆ ಎಚ್ಚರಗೊಳ್ಳುವುದರಲ್ಲಿ. ಜಾಕ್ಸನ್ ಪ್ರಸಂಗ ನೋಡುವಾಗ ನನ್ನ ಮೈ ಬೆವತದ್ದು ಲಾಸ್ ಏಂಜಲೀಸಿನವನಿಗಾಗಿ ಅಲ್ಲ. ಒಂದು ಮದುವೆಮನೆಯಲ್ಲಿ ‘ಗೊತ್ತಾಯ್ತಾ ನಾನ್ಯಾರು?’ ಎಂದು ಅಡ್ಡಹಾಕಿದವನಿಗೆ ‘ಗೊತ್ತಾಗದೆ ಏನು!’ ಎಂದು, ಅವನ ತಂದೆಯ ಮಂಡಿನೋವನ್ನು ಐದು ನಿಮಿಷ ವಿಚಾರಿಸಿದವನು ನಾನು. ಅದಕ್ಕೂ ಮುನ್ನವೇ ಆ ತಂದೆಯ ವೈಕುಂಠ ಸಮಾರಾಧನೆಯಲ್ಲಿ ಹೋಳಿಗೆ ಎರಡು ಸಲ ಹಾಕಿಸಿಕೊಂಡವನೂ ನಾನೇ. ಇದನ್ನು ಸಿದ್ಧಾಂತಕ್ಕೆ ಪ್ರತ್ಯಕ್ಷಪ್ರಮಾಣವೆಂದು ಹೆಂಡತಿಯ ಮುಂದಿಟ್ಟೆ. ಪೂರ್ವಪಕ್ಷ ಕೂಡಲೇ ಒಪ್ಪಿತು.

ಒಂದು ಅಪವಾದ ಉಳಿಯಿತು. 2006ರ ಮೇ 8ರ ಬೆಳಗ್ಗೆ ಬಿಬಿಸಿ ನ್ಯೂಸ್ 24, ಆಪಲ್ ಹೆಸರಿನ ಎರಡು ಕಂಪನಿಗಳ ನಡುವಿನ ಮೊಕದ್ದಮೆಯ ತೀರ್ಪಿನ ಬಗ್ಗೆ ತಜ್ಞರೊಬ್ಬರನ್ನು ಕರೆದಿತ್ತು. ಒಳಕ್ಕೆ ಹೋದದ್ದು ಬೇರೊಬ್ಬ. ಕಾಂಗೊದಿಂದ ಬಂದಿದ್ದವ, ಅಲ್ಲೇ ಕಂಪ್ಯೂಟರ್ ಕೆಲಸದ ಇಂಟರ್‌ವ್ಯೂಗೆಂದು ಕಾಯುತ್ತಿದ್ದ. ಮೊದಲ ಹೆಸರು ಮಾತ್ರ ತಜ್ಞರದೂ ಅವನದೂ ಒಂದೇ. ತಜ್ಞನೆಂದು ಪರಿಚಯಿಸಿದಾಗ ಅವನ ಮುಖದ ಮೇಲೆ ಹಾದುಹೋದದ್ದನ್ನು ಮೂವತ್ತಮೂರೂ ಸಂಚಾರಿಗಳು ಸೇರಿ ವಿವರಿಸಲಾರವು. ಅಸಲಿ ತಜ್ಞರು ಇನ್ನೊಂದು ಕಡೆ ಕುಳಿತು ಪರದೆಯಲ್ಲಿ ಇದನ್ನು ನೋಡುತ್ತಿದ್ದರು. ಆದರೆ ಅವನು ಏಳಲಿಲ್ಲ. ಇನ್ನುಮುಂದೆ ಜನ ಬೇಕಾದ್ದನ್ನೆಲ್ಲ ಇಂಟರ್‌ನೆಟ್‌ನಿಂದಲೇ ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ ಎಂದು ವಿನಯದಿಂದ ಹೇಳಿದ. ಹಾಗೆಯೇ ಆಯಿತು. ಕೆಲಸ ಮಾತ್ರ ಸಿಗಲಿಲ್ಲ.

ಇವನನ್ನು ಯಾವ ಪ್ರಕರಣದಲ್ಲಿ ಸೇರಿಸಲಿ ಎಂದು ನಾನು ತಿಂಗಳುಗಟ್ಟಲೆ ಒದ್ದಾಡುತ್ತಿದ್ದಾಗಲೇ ನಮ್ಮೂರ ಕಡೆಯ ಒಂದು ವಾಹಿನಿಯಿಂದ ಫೋನು ಬಂತು. ಬೆಳಗಿನ ಕಾರ್ಯಕ್ರಮಕ್ಕೆ ಬರಬೇಕು, ವಿದ್ವಾಂಸರು, ಶಾಸ್ತ್ರ ಬಲ್ಲವರು ಎಂದರು. ಪೇಚುರಸದ ಹಸ್ತಪ್ರತಿ ಹಿಡಿದು ಹೋದೆ. ಮುಖಕ್ಕೆ ಪೌಡರು ಬಳಿದರು, ಕೊರಳಿಗೆ ಮೈಕು ಸಿಕ್ಕಿಸಿದರು. ಕೆಂಪು ದೀಪ ಹತ್ತಿತು. ನಿರೂಪಕಿ ಕೈಮುಗಿದು, ‘ಗುರೂಜಿ, ತುಲಾ ರಾಶಿಯವರಿಗೆ ಈ ವಾರ ಹೇಗಿದೆ?’ ಎಂದು ಕೇಳಿದಳು.

ಗಾಜಿನಾಚೆ ಹಣೆತುಂಬ ವಿಭೂತಿ ಬಳಿದುಕೊಂಡ ಒಬ್ಬರು ಅತ್ತಿಂದಿತ್ತ ಓಡಾಡುತ್ತಿದ್ದರು. ನಾನು ಹಸ್ತಪ್ರತಿಯನ್ನು ತೊಡೆಯ ಕೆಳಗೆ ಸೇರಿಸಿ, ‘ಪ್ರಯಾಣ ಯೋಗವಿದೆ’ ಎಂದೆ.

ನಮ್ಮ ಎದುರುಮನೆಯವರದು ತುಲಾ ರಾಶಿ. ಮರುದಿನ ಬೆಳಗ್ಗೆ ನಾನು ಹಾಲು ತರಲು ಹೋದಾಗ ಸಂಸಾರ ಸಮೇತ, ಎರಡು ಚೀಲ ಹಿಡಿದು, ಧರ್ಮಸ್ಥಳದ ಬಸ್ಸಿಗೆ ಕಾಯುತ್ತಿದ್ದರು.