ಅಡಿಕೆ ತೋಟದ ಕಾಲಜ್ಞಾನಿ

ಶಿರಸಿ, ಸಿದ್ದಾಪುರ, ಸಾಗರದ ಅಡಿಕೆ ಸೀಮೆಯಲ್ಲಿ ಹಿಂದೆ ಮನೆಗೊಬ್ಬರಂತಿದ್ದು ಈಗ ಊರಿಗೊಬ್ಬರಂತೆ ಉಳಿದಿರುವ ತೋಟದ ಅಜ್ಜನೆಂಬ ವರ್ಗವನ್ನು ಗುರುತಿಸಲು ಹೆಚ್ಚಿನ ಪರಿಶೀಲನೆ ಬೇಕಾಗುವುದಿಲ್ಲ. "ಅಡಿಕೆ ಕಾಲ ಮುಗ್ದೇ ಹೋತು" ಎಂದು ಪ್ರತಿವರ್ಷವೂ ಜಗಲಿಯ ಮೇಲೆ ಕುಳಿತು ಸಾರುವವರೂ, ಹಾಗೆ ಸಾರಿದ ವರ್ಷವೇ ಆರಿದ್ರಾ ಮಳೆ ಹಿಡಿದೊಡನೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ತೋಟದ ಖಾಲಿ ಜಾಗಗಳಲ್ಲಿ ಹೊಸ ಸಸಿ ನೆಡುವವರೂ ಒಬ್ಬರೇ ಆಗಿದ್ದರೆ, ಅವರು ನಿಸ್ಸಂಶಯವಾಗಿ ಈ ವರ್ಗಕ್ಕೆ ಸೇರಿದವರು. ಅಡಿಕೆ ಸಸಿ ಸಿಂಗಾರ, ಅಂದರೆ ಹೂಗೊಂಚಲು, ಬಿಡುವುದಕ್ಕೇ ಐದಾರು ವರ್ಷ ಬೇಕು. ನೆಡುವವರ ವಯಸ್ಸು ಎಂಬತ್ತರ ಮೇಲೆ. ಈ ಲೆಕ್ಕವನ್ನು ಅವರೆದುರು ಯಾರೂ ಮಾಡಿ ತೋರಿಸುವುದಿಲ್ಲ, ತೋರಿಸಿದರೂ ಅದು ಅವರಿಗೆ ಸಂಬಂಧಪಟ್ಟ ಲೆಕ್ಕವೆಂದು ಅವರು ಭಾವಿಸುವುದಿಲ್ಲ.

ಅಜ್ಜನ ಕಾಲಜ್ಞಾನವನ್ನು ಆಧಾರವಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. 1970ರ ದಶಕದ ಆರಂಭದಲ್ಲಿ ದರ ನೆಲಕಚ್ಚಿದ ಪರಿಣಾಮವಾಗಿ 1973ರಲ್ಲಿ ಮಂಗಳೂರಿನಲ್ಲಿ ಬೆಳೆಗಾರರೇ ಸೇರಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಬೇಕಾಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಈಚೆಗೆ ಎಲೆಚುಕ್ಕಿ ರೋಗವೂ ಬಂದು ಸೇರಿಕೊಂಡಿತು. ಪ್ರತಿಯೊಂದು ಸುದ್ದಿಗೂ ಅಜ್ಜ "ಆನು ಅವತ್ತೇ ಹೇಳಿದ್ದಿ" ಎಂದು ಗೆದ್ದವರಂತೆ ನುಡಿದು, ಕವಳದ ಬಟ್ಟಲನ್ನು ಹತ್ತಿರ ಎಳೆದುಕೊಂಡಿದ್ದಾರೆ. ಕವಳವೆಂದರೆ ಎಲೆ, ಅಡಿಕೆ, ಸುಣ್ಣ, ಕೆಲವೆಡೆ ತಂಬಾಕು ಕೂಡಿದ ತಾಂಬೂಲ. ಕ್ಯಾನ್ಸರ್ ಪಟ್ಟಿಯ ಸುದ್ದಿಯನ್ನು ಕೂಲಂಕಷವಾಗಿ ಆಲೋಚಿಸಲೆಂದೇ ಅಂದು ಒಂದು ಕವಳ ಹೆಚ್ಚಿಗೆ ಹಾಕಲಾಯಿತೆಂಬುದು ಅನೇಕ ಮನೆಗಳ ಇತಿಹಾಸ.

ಬಾಯಿಯ ನಿರಾಶೆಗೂ ಕೈಯ ಕೆಲಸಕ್ಕೂ ಇರುವ ಈ ಅಂತರ ಕೊಳೆರೋಗದ ಕಾಲದಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಿಡುವಿಲ್ಲದ ಮಳೆಯಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಈ ರೋಗಕ್ಕೆ ಹಿಂದೆ ಕರಡವೆಂಬ ಹುಲ್ಲಿನಿಂದ ಕೊಟ್ಟೆ ಹೆಣೆದು ಕೊನೆಗಳಿಗೆ, ಎಂದರೆ ಅಡಿಕೆಯ ಗೊಂಚಲುಗಳಿಗೆ, ಕಟ್ಟುತ್ತಿದ್ದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಸಸ್ಯವಿಜ್ಞಾನಿ ಲೆಸ್ಲಿ ಕೋಲ್ಮನ್ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ ಮತ್ತು 1 ಕಿಲೊ ಸುಣ್ಣವನ್ನು ಬೇರೆಬೇರೆಯಾಗಿ ಕರಗಿಸಿ ಕೂಡಿಸುವ ಈ ಕೆಲಸವನ್ನು ಅಜ್ಜ ಮಗನಿಗೂ ಬಿಟ್ಟುಕೊಡುವುದಿಲ್ಲ, ಮಗನಿಗೆ ಅರುವತ್ತು ದಾಟಿದ್ದರೂ ಅವನಿನ್ನೂ ಕಲಿಯುವ ಹಂತದಲ್ಲಿರುತ್ತಾನೆ. ಬೆಳಗಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ, ಅದು ಕೆಂಪಾದರೆ ಸುಣ್ಣ ಸಾಲದೆಂದು ತೀರ್ಮಾನಿಸುವ ಪರೀಕ್ಷೆಯನ್ನು ಅವರು ಮಾಡುವಾಗ ಮನೆಯಲ್ಲಿ ಯಾರೂ ಮಾತಾಡಬಾರದು. ಮೊಮ್ಮಗಳನ್ನು ನೋಡಲು ಬಂದ ವರನಿಗೂ ಇಷ್ಟೇ ನಿಷ್ಠುರವಾದ ಪರೀಕ್ಷೆಯೊಂದುಂಟು: ಅವನನ್ನು ತೋಟದೊಳಗೆ ಕರೆದೊಯ್ದು, ಕಾಲುವೆಯ ಸಂಕವನ್ನು, ಎಂದರೆ ಒಂದೇ ಮರದ ದಿಮ್ಮಿಯ ಕಿರುಸೇತುವೆಯನ್ನು, ಹೇಗೆ ದಾಟುತ್ತಾನೆಂದು ನೋಡುವುದು. ವೇತನದ ವಿಚಾರಣೆ ಆಮೇಲಿನದು.

ಮಳೆಯ ವಿಷಯದಲ್ಲಿ ಅಜ್ಜ ನಂಬುವುದು ಪಂಚಾಂಗದ ಮಳೆ ನಕ್ಷತ್ರಗಳನ್ನು. ಸುಮಾರು ಹದಿನಾಲ್ಕು ದಿನಕ್ಕೊಂದರಂತೆ ಬದಲಾಗುವ ಈ ನಕ್ಷತ್ರಗಳ ಗುಣಾವಗುಣಗಳೆಲ್ಲ ಅವರಿಗೆ ಬಾಯಿಪಾಠ. ಪುನರ್ವಸು ಹೇಳಿದಂತೆ ಸುರಿದರೆ ಅದು ಪಂಚಾಂಗದ ಹಿರಿಮೆ, ಸುರಿಯದಿದ್ದರೆ ಹವಾಮಾನ ಇಲಾಖೆಯ ತಪ್ಪು. ಮಾರಾಟದಲ್ಲಿ ಮಾತ್ರ ಇಂಥ ಆಸರೆ ಯಾವುದೂ ಇಲ್ಲ. 1923ರಲ್ಲಿ ಆರಂಭವಾದ ಶಿರಸಿಯ ತೋಟಗಾರರ ಸೊಸೈಟಿಗೆ ಅಡಿಕೆ ಮೂಟೆ ಕಳಿಸಿ, ದರ ಇನ್ನೂ ಏರುತ್ತದೆಂದು ತಿಂಗಳುಗಟ್ಟಲೆ ಕಾದು, ಇಳಿಯತೊಡಗಿದ ಮೇಲೆ ಗಾಬರಿಯಿಂದ ಮಾರಿ, ಮಾರಿದ ಮರುದಿನ ಏರಿದ್ದನ್ನು ಪತ್ರಿಕೆಯಲ್ಲಿ ಓದುವುದು ಈ ವರ್ಗದ ಆರ್ಥಿಕ ನೀತಿ. ಅವರು ದರವನ್ನು ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾರಾದರೂ ತಾವು ಮಾರಿದ ದಿನಾಂಕವನ್ನು ಹೇಳುವುದಿಲ್ಲ.

ಮೊಮ್ಮಕ್ಕಳ ಮೇಲಿನ ಅಕ್ಕರೆಯಂತೂ ಅಳತೆ ಮೀರಿದ್ದು, ಆದರೆ ಅದು ಕೂಲಿಯ ರೂಪದಲ್ಲಿ ಪ್ರಕಟವಾಗುತ್ತದೆ. ರಜೆಗೆ ಬಂದ ಮಕ್ಕಳಿಗೆ "ಮಾಣಿ, ತೋಟಕ್ಕೆ ಹೋಪನ ಬಾ" ಎಂಬ ಕರೆ ಬರುವುದು ಉದುರಡಿಕೆ ಹೆಕ್ಕಿಸುವುದಕ್ಕೆ. ಬುಟ್ಟಿಗಿಷ್ಟೆಂದು ಕೊಡುವ ದುಡ್ಡು ಮಕ್ಕಳ ಅಪ್ಪನ ಬಾಲ್ಯದಲ್ಲಿ ನಿಗದಿಯಾದದ್ದು, ಪರಿಷ್ಕರಣೆಗೆ ಒಳಪಡದ್ದು. 2020ರಲ್ಲಿ ಕೊರೊನಾದಿಂದ ಊರಿಗೆ ಬಂದು ಅಟ್ಟದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕುಳಿತ ಮೊಮ್ಮಗನ ಕೆಲಸ, ಕೈಗೆ ಮಣ್ಣಾಗದ ಕಾರಣ, ಅಜ್ಜನ ಮಟ್ಟಿಗೆ ಕೆಲಸವೇ ಆಗಿರಲಿಲ್ಲ. ಆದರೆ ಪಕ್ಕದ ಮನೆಯವರು ಬಂದಾಗ "ಶ್, ಮಾಣಿ ಮೀಟಿಂಗ್‌ನಲ್ಲಿದ್ದ" ಎಂದು ಅವರ ಬಾಯಿ ಮುಚ್ಚಿಸುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಮೊಬೈಲನ್ನು ಕಲಿತ ಅಜ್ಜ ಬೆಂಗಳೂರಿಗೆ ಕಳಿಸುವ ವಿಡಿಯೊಗಳಲ್ಲಿ ಸಿಂಗಾರ, ಕೊನೆ, ಬಾಳೆಗೊನೆ, ಕಾಲುವೆಗಳೆಲ್ಲ ಇರುತ್ತವೆ, ಅಜ್ಜ ಮಾತ್ರ ಧ್ವನಿಯಾಗಿ ಇರುತ್ತಾರೆ.

ಇದರ ತೊಂದರೆ ತಿಳಿಯುವುದು ಅವರು ತೀರಿಕೊಂಡ ಮೇಲೆ. ಹಾರ ಹಾಕಲು ಭಾವಚಿತ್ರ ಸಿಗದೆ, ಸೊಸೈಟಿಯ ಗುರುತಿನ ಚೀಟಿಯಲ್ಲಿದ್ದ ಬೆರಳುಗುರಿನಷ್ಟು ಮುಖವನ್ನೇ ದೊಡ್ಡದು ಮಾಡಿಸಬೇಕಾಗುತ್ತದೆ. ಅದರಲ್ಲಿಯೂ ಅವರು ದರ ಕೇಳಿ ಬಂದವರಂತೆ ಹುಬ್ಬುಗಂಟಿಕ್ಕಿಕೊಂಡೇ ಇರುತ್ತಾರೆ. ಹದಿಮೂರನೆಯ ದಿನದ ಊಟಕ್ಕೆ ಸೇರಿದ ನೆಂಟರು ಅಜ್ಜನ ಬೈಗುಳಗಳನ್ನು ಒಂದೊಂದಾಗಿ ನೆನೆದು ನಗುತ್ತಾರೆ, ಹೋಳಿಗೆ ಬಡಿಸುವ ಹೊತ್ತಿಗೆ ಮಾತು ಹೇಗೋ ಅಡಿಕೆಯ ದರಕ್ಕೆ ಹೊರಳುತ್ತದೆ, ಹಿರಿಯ ಮಗ ಗಂಭೀರವಾಗಿ ಇನ್ನು ಅಡಿಕೆಗೆ ಕಾಲವಿಲ್ಲವೆಂದು ಹೇಳುತ್ತಾನೆ. ಹೇಳಿದ ಧ್ವನಿ ಕೇಳಿ ಅಡುಗೆಮನೆಯಲ್ಲಿದ್ದ ಅಜ್ಜಿ ಒಮ್ಮೆ ಇಣುಕಿ ನೋಡುತ್ತಾರೆ.

ಇಂಥ ಅಜ್ಜ ಇನ್ನೂ ಇರುವ ಮನೆಗೆ ಹೋಗುವ ಓದುಗರು ಒಂದು ಎಚ್ಚರ ವಹಿಸಬೇಕು. ಅಡಿಕೆಯ ಕಾಲ ಮುಗಿಯಿತೆಂದು ಅವರು ಹೇಳಿದಾಗ ಸೌಜನ್ಯಕ್ಕೂ ಹೌದೆಂದು ತಲೆಯಾಡಿಸಬಾರದು. ಹಾಗೆ ಒಪ್ಪಿಕೊಂಡವರಿಗೆ ಆ ಮನೆಯಲ್ಲಿ ಎರಡನೆಯ ಕವಳ ಸಿಗುವುದಿಲ್ಲ.